ಕೋನ ಅಳೆಯುವ ಇಂಡಕ್ಟಿವ್ ಸೆನ್ಸರ್: ದೋಷದ ರೇಖೆಯನ್ನು ಓದುವುದು ಹೇಗೆ?

ಪ್ರಶ್ನೆ: ಸಣ್ಣ ರೋಬೋಟ್ ತೋಳಿನ ಒಂದು ಕೀಲಿಗೆ ಕೋನ ಅಳೆಯುವ ಇಂಡಕ್ಟಿವ್ ಸೆನ್ಸರ್ ಮಾಡುತ್ತಿದ್ದೇನೆ. ಕೀಲು 80 ಡಿಗ್ರಿಗಿಂತ ಹೆಚ್ಚು ತಿರುಗುವುದಿಲ್ಲ. ಬೋರ್ಡಿನ ಹೊರ ವ್ಯಾಸ 24 ಮಿ.ಮೀ.; ನಡುವೆ 6 ಮಿ.ಮೀ. ಉಕ್ಕಿನ ಶಾಫ್ಟ್ ಹಾದುಹೋಗುತ್ತದೆ. ನಾಲ್ಕು ಪದರದ ಪಿಸಿಬಿಯಲ್ಲಿ (ಮುದ್ರಿತ ಸರ್ಕ್ಯೂಟ್ ಬೋರ್ಡಿನಲ್ಲಿ) ಸೈನ್ ಕಾಯಿಲ್ ಮೇಲಿನ ಎರಡು ಪದರದಲ್ಲಿದೆ, ಕೊಸೈನ್ ಕೆಳಗಿನ ಎರಡರಲ್ಲಿದೆ. ಎದುರಿಗೆ 35 ಮೈಕ್ರಾನ್ ತಾಮ್ರದ ನಾಲ್ಕು ಎಸಳಿನ ಟಾರ್ಗೆಟ್ (ಶಾಫ್ಟ್ ಜೊತೆ ತಿರುಗುವ ತಟ್ಟೆ), ಅಂತರ 0.5 ಮಿ.ಮೀ. ರಿಸೀವರ್ ಕಾಯಿಲ್‌ನಲ್ಲಿ ಸುಮಾರು 30 ಮಿಲಿವೋಲ್ಟ್ ಸಂಕೇತ ಬರುತ್ತಿದೆ. ಬೇಕಾದ ನಿಖರತೆ ±0.1 ಡಿಗ್ರಿ, ಸಿಗುತ್ತಿರುವುದು ±0.7. ಪ್ರತಿ ಕೋನದ ತಪ್ಪನ್ನು ಮೊದಲೇ ಅಳೆದಿಟ್ಟು ಕಳೆಯುವ ತಿದ್ದುಪಡಿ ಕೋಷ್ಟಕ ಹಾಕಿದಾಗ ±0.05ಕ್ಕೆ ಇಳಿಯಿತು, ಸಂತೋಷಪಟ್ಟೆ. ಆದರೆ ಬಿಚ್ಚಿ, ಹೊಸ ವಾಷರ್ ಹಾಕಿ ಮತ್ತೆ ಜೋಡಿಸಿದಾಗ ±0.2ಕ್ಕೆ ಏರಿತು. ಹೆಚ್ಚು ಬಿಟ್‌ಗಳ ಚಿಪ್ ಹಾಕು ಎಂದು ಒಬ್ಬರು, ಸುತ್ತುಗಳನ್ನು ಹೆಚ್ಚಿಸು ಎಂದು ಇನ್ನೊಬ್ಬರು, ಇದನ್ನು ಬಿಟ್ಟು ಮ್ಯಾಗ್ನೆಟ್ ಸೆನ್ಸರ್ ಹಾಕು ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಕನೆಕ್ಟರ್‌ಗೆ ಜಾಗ ಸಾಲದ್ದರಿಂದ ಕಾಯಿಲ್ ಅನ್ನು ಅರ್ಧ ವೃತ್ತಕ್ಕೆ ಇಳಿಸುವ ಆಲೋಚನೆಯೂ ಇದೆ. ದೋಷದ ರೇಖೆ ಮತ್ತು ಲೇಔಟ್ ಚಿತ್ರ ಲಗತ್ತಿಸಿದ್ದೇನೆ. ಏನು ಮಾಡಲಿ?

ಉತ್ತರ: ನೀವು ದೋಷದ ರೇಖೆಯನ್ನೇ ಕಳುಹಿಸಿದ್ದು ನನಗೆ ಬಹಳ ಉಪಕಾರವಾಯಿತು. ಇಂಥ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ‘±0.7 ಡಿಗ್ರಿ’ ಎಂಬ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ರೇಖೆಯಲ್ಲಿ ಒಂದು ಸುತ್ತಿಗೆ ಎಷ್ಟು ಅಲೆಗಳಿವೆ ಎಂದು ಎಣಿಸಿದರೆ ತಪ್ಪು ಎಲ್ಲಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ನಿಮ್ಮ ರೇಖೆಯನ್ನು ಫೋರಿಯರ್ ವಿಶ್ಲೇಷಣೆಗೆ ಒಡ್ಡಿದೆ, ಅಂದರೆ ಸರಳ ಅಲೆಗಳಾಗಿ ಬಿಡಿಸಿ ನೋಡಿದೆ. ಸುತ್ತಿಗೆ 4 ಅಲೆಗಳ ಅಂಶ ±0.5 ಡಿಗ್ರಿ, 16 ಅಲೆಗಳದ್ದು ±0.15, ಸುತ್ತಿಗೆ ಒಂದೇ ಅಲೆಯದ್ದು ±0.05. ಉಳಿದದ್ದು ಚಿಲ್ಲರೆ. ಈ ಮೂರಕ್ಕೂ ಬೇರೆ ಬೇರೆ ಕಾರಣ, ಬೇರೆ ಬೇರೆ ಮದ್ದು.

ಮೊದಲು ಸೆನ್ಸರ್ ಕೆಲಸ ಮಾಡುವ ಬಗೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹೊರಗಿನ ಎಕ್ಸೈಟೇಷನ್ ಕಾಯಿಲ್‌ನಲ್ಲಿ ಕೆಲವು ಮೆಗಾಹರ್ಟ್ಸ್‌ನ ಪ್ರವಾಹ ಹರಿಯುತ್ತದೆ. ಅದರ ಕಾಂತಕ್ಷೇತ್ರ ಟಾರ್ಗೆಟ್‌ನ ತಾಮ್ರದಲ್ಲಿ ಸುಳಿ ಪ್ರವಾಹವನ್ನು ಎಬ್ಬಿಸುತ್ತದೆ. ಲೆನ್ಸ್ 1834ರಲ್ಲಿ ಹೇಳಿದ ನಿಯಮದಂತೆ ಆ ಸುಳಿ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ. ಹಾಗಾಗಿ ಎಸಳಿನ ಎದುರು ಕ್ಷೇತ್ರ ಕುಗ್ಗುತ್ತದೆ, ಎಸಳುಗಳ ನಡುವಿನ ಸಂದಿಯಲ್ಲಿ ಹಾಗೆಯೇ ಉಳಿಯುತ್ತದೆ. ರಿಸೀವರ್ ಕಾಯಿಲ್ ಎಂದರೆ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿದ ಕಣ್ಣಿನಾಕಾರದ ಕುಣಿಕೆಗಳ ಸರಪಳಿ. ನಿಮ್ಮ ಬೋರ್ಡಿನಲ್ಲಿ ಪ್ರತಿ ಕಾಯಿಲ್‌ಗೂ ನಾಲ್ಕು ಧನ, ನಾಲ್ಕು ಋಣ ಕುಣಿಕೆಗಳಿವೆ. ಟಾರ್ಗೆಟ್ ಇಲ್ಲದಿದ್ದರೆ ಅವು ಪರಸ್ಪರ ಹೊಡೆದುಹೋಗಿ ಸೊನ್ನೆ ಬರಬೇಕು. ಟಾರ್ಗೆಟ್ ಬಂದಾಗ ಆ ಸಮತೋಲ ಕೆಡುತ್ತದೆ, ಕೆಟ್ಟಷ್ಟೇ ನಿಮ್ಮ ಸಂಕೇತ. ಕಾಲು ಅವಧಿ ಸರಿಸಿಟ್ಟ ಎರಡು ಸರಪಳಿಗಳಿಂದ ಸೈನ್ ಮತ್ತು ಕೊಸೈನ್ ಸಿಗುತ್ತವೆ, ಅವುಗಳ ಆರ್ಕ್‌ಟ್ಯಾನ್ಜೆಂಟ್‌ನಿಂದ ಕೋನ ಸಿಗುತ್ತದೆ.

ಸುತ್ತಿಗೆ ನಾಲ್ಕು ಅವಧಿಗಳಿರುವುದರಿಂದ ಯಾಂತ್ರಿಕ ಕೋನದ ಒಂದು ಡಿಗ್ರಿ, ಒಂದು ಅವಧಿಯನ್ನೇ 360 ಡಿಗ್ರಿ ಎಂದು ಎಣಿಸುವ ವಿದ್ಯುತ್ ಕೋನದಲ್ಲಿ ನಾಲ್ಕು ಡಿಗ್ರಿ. ನಿಮಗೆ ಬೇಕಾದ 0.1 ಡಿಗ್ರಿ ಅಂದರೆ 0.4 ವಿದ್ಯುತ್ ಡಿಗ್ರಿ, ರೇಡಿಯನ್ ಲೆಕ್ಕದಲ್ಲಿ 0.007. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಎದುರು ಅಂಟಿಸಿಕೊಳ್ಳಿ: ಎಲ್ಲ ತಪ್ಪುಗಳೂ ಸೇರಿ ಸಂಕೇತದ ಶೇಕಡಾ 0.7ನ್ನು ಮೀರಬಾರದು. 30 ಮಿಲಿವೋಲ್ಟ್‌ನಲ್ಲಿ ಅದು 0.2 ಮಿಲಿವೋಲ್ಟ್. ಇನ್ನು ಮುಂದೆ ಡಿಗ್ರಿಗಳ ಬದಲು ಈ 0.2 ಮಿಲಿವೋಲ್ಟ್ ಅನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ಕಣ್ಣಿನಿಂದ ನೋಡಿದರೆ ಸ್ನೇಹಿತರ ಮೊದಲ ಎರಡು ಸಲಹೆಗಳು ನಿಲ್ಲುವುದಿಲ್ಲ. ಚಿಪ್‌ನ ಬಿಟ್‌ಗಳು ಎಷ್ಟು ಸಣ್ಣ ಬದಲಾವಣೆ ಕಾಣುತ್ತದೆ ಎಂಬುದನ್ನು ಹೇಳುತ್ತವೆ, ಕಂಡದ್ದು ನಿಜವೇ ಎಂಬುದನ್ನಲ್ಲ. ಇಂಡಕ್ಟನ್ಸ್ ಅಳೆಯುವ ಚಿಪ್‌ಗಳಲ್ಲಿ 28 ಬಿಟ್‌ವರೆಗಿನವು ಸಿಗುತ್ತವೆ. ಅದನ್ನು ಜೋಡಿಸಿದರೆ ನಿಮ್ಮ ±0.7 ಡಿಗ್ರಿಯ ತಪ್ಪನ್ನೇ ಹೆಚ್ಚು ದಶಮಾಂಶಗಳಲ್ಲಿ ಓದುತ್ತೀರಿ, ಅಷ್ಟೇ. ಸುತ್ತು ಹೆಚ್ಚಿಸುವುದೂ ಹಾಗೆಯೇ. ಸುತ್ತು ಎರಡರಷ್ಟಾದರೆ ಸಂಕೇತ ಎರಡರಷ್ಟಾಗುತ್ತದೆ, ಕುಣಿಕೆಗಳ ಅಸಮತೋಲದಿಂದ ಬರುವ ತಪ್ಪೂ ಎರಡರಷ್ಟಾಗುತ್ತದೆ, ಅನುಪಾತ ಇದ್ದಲ್ಲೇ ಇರುತ್ತದೆ. ಓದಿನಲ್ಲಿ ನಡುಕವಿದ್ದರೆ, ಅಂದರೆ ಸಂಕೇತದಲ್ಲಿ ಗದ್ದಲದ (ನಾಯ್ಸ್) ತೊಂದರೆಯಿದ್ದರೆ, ಸುತ್ತು ಹೆಚ್ಚಿಸಿ. ನಿಮ್ಮ ತೊಂದರೆ ಅದಲ್ಲ.

ಈಗ ದೊಡ್ಡ ತಪ್ಪಿಗೆ ಬರೋಣ. ನಾಲ್ಕು ಅವಧಿಯ ಸೆನ್ಸರ್‌ನಲ್ಲಿ ಸುತ್ತಿಗೆ 4 ಅಲೆ ಎಂದರೆ ಪ್ರತಿ ವಿದ್ಯುತ್ ಅವಧಿಗೆ ಒಂದು ಅಲೆ. ಇದು ಆಫ್‌ಸೆಟ್‌ನ, ಅಂದರೆ ಸಂಕೇತಕ್ಕೆ ಸದಾ ಸೇರಿಕೊಂಡಿರುವ ಸ್ಥಿರ ಮೊತ್ತದ ಗುರುತು. ಸೈನ್ ಮತ್ತು ಕೊಸೈನ್ ಎರಡನ್ನೂ ಅಕ್ಷಗಳಾಗಿಟ್ಟು ಚಿತ್ರ ಬರೆದರೆ ವೃತ್ತ ಬರಬೇಕು. ಆಫ್‌ಸೆಟ್ ಇದ್ದರೆ ವೃತ್ತದ ಕೇಂದ್ರ ಸರಿದಿರುತ್ತದೆ. ಎರಡರ ಎತ್ತರ ಬೇರೆಯಾದರೆ, ಅಥವಾ ಅವುಗಳ ನಡುವೆ ಸರಿಯಾಗಿ 90 ಡಿಗ್ರಿ ಇಲ್ಲದಿದ್ದರೆ, ವೃತ್ತ ದೀರ್ಘವೃತ್ತವಾಗಿ ಅವಧಿಗೆ ಎರಡು ಅಲೆ ಕಾಣುತ್ತವೆ. ಮೂರನೆಯ ಹಾರ್ಮೋನಿಕ್ (ಮೂಲ ಸಂಕೇತಕ್ಕಿಂತ ಮೂರು ಪಟ್ಟು ಬೇಗ ಏರಿಳಿಯುವ ಅಲೆ) ಸೇರಿದ್ದರೆ ವೃತ್ತ ಚೌಕದ ಕಡೆಗೆ ವಾಲಿ ನಾಲ್ಕು ಅಲೆ ಬರುತ್ತವೆ. ನಿಮ್ಮ ±0.5 ಡಿಗ್ರಿ ಎಂದರೆ ±2 ವಿದ್ಯುತ್ ಡಿಗ್ರಿ, ಸಂಕೇತದ ಶೇಕಡಾ 3.5. ಸುಮಾರು 1 ಮಿಲಿವೋಲ್ಟ್ ಎಲ್ಲಿಂದಲೋ ನುಸುಳುತ್ತಿದೆ.

ಎಲ್ಲಿಂದ ಎಂದು ನಿಮ್ಮ ಲೇಔಟ್ ಚಿತ್ರದಲ್ಲಿ ಹುಡುಕಿದೆ. ಸೈನ್ ಕಾಯಿಲ್‌ನ ಎರಡು ತುದಿಗಳು ಎಕ್ಸೈಟೇಷನ್ ಕಾಯಿಲ್‌ನ ಉಂಗುರಗಳನ್ನು ದಾಟಿ ಕನೆಕ್ಟರ್ ಕಡೆಗೆ ಹೋಗುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಎರಡು ಟ್ರೇಸ್‌ಗಳು (ತಾಮ್ರದ ಗೆರೆಗಳು) ಒಂದೇ ಪದರದಲ್ಲಿ, 0.4 ಮಿ.ಮೀ. ಅಂತರದಲ್ಲಿ, 5 ಮಿ.ಮೀ. ದೂರ ಅಕ್ಕಪಕ್ಕ ಓಡುತ್ತವೆ. ಅವುಗಳ ನಡುವಿನ 2 ಚದರ ಮಿ.ಮೀ. ಕೂಡ ಒಂದು ಕುಣಿಕೆಯೇ. ನಿಮ್ಮ ಒಂದು ಕಣ್ಣಿನಾಕಾರದ ಕುಣಿಕೆಯ ವಿಸ್ತೀರ್ಣ ಸುಮಾರು 20 ಚದರ ಮಿ.ಮೀ. ಕಣ್ಣುಗಳಿಗಾದರೆ ಎದುರು ದಿಕ್ಕಿನ ಜೊತೆಗಾರರಿದ್ದಾರೆ, ಈ ಪುಟ್ಟ ಕುಣಿಕೆಗೆ ಯಾರೂ ಇಲ್ಲ. ಅದರ ಮೇಲೆ ಅದು ಕ್ಷೇತ್ರ ಅತಿ ಬಲವಾಗಿರುವ ಜಾಗದಲ್ಲೇ ಕುಳಿತಿದೆ. ನಾನು ಮಾಡಿದ ಮೊದಲ ಬೋರ್ಡುಗಳಲ್ಲೊಂದರಲ್ಲಿ ಇದೇ ತಪ್ಪಿತ್ತು. ಕಾಯಿಲ್‌ನ ಸೈನ್ ರೇಖೆಯನ್ನು ಮೈಕ್ರಾನ್‌ಗಳ ಮಟ್ಟದಲ್ಲಿ ತಿದ್ದುತ್ತಾ ವಾರಗಟ್ಟಲೆ ಕಳೆದಿದ್ದೆ. ಕಾಯಿಲ್‌ನಲ್ಲಿ ದೋಷವೇ ಇರಲಿಲ್ಲ, ಅದರ ಬಾಲದಲ್ಲಿತ್ತು. ಎರಡು ತುದಿಗಳನ್ನು ಅಕ್ಕಪಕ್ಕದ ಎರಡು ಪದರಗಳಲ್ಲಿ ಒಂದರ ನೇರ ಕೆಳಗೆ ಇನ್ನೊಂದು ಬರುವಂತೆ ಕೊಂಡೊಯ್ಯಿರಿ. ಆಗ ಲಂಬ ಕ್ಷೇತ್ರಕ್ಕೆ ಕಾಣುವ ವಿಸ್ತೀರ್ಣ ಸೊನ್ನೆಗೆ ಹತ್ತಿರವಾಗುತ್ತದೆ. ಎಕ್ಸೈಟೇಷನ್ ಕಾಯಿಲ್ ಒಂದು ಉಂಗುರದಿಂದ ಮುಂದಿನದಕ್ಕೆ ಜಿಗಿಯುವ ಜಾಗವನ್ನೂ ಗಮನಿಸಿ. ನಿಮ್ಮಲ್ಲಿ ಎಲ್ಲ ಜಿಗಿತಗಳೂ ಒಂದೇ ಕುಣಿಕೆಯ ಮಗ್ಗುಲಲ್ಲಿವೆ. ಅವನ್ನು ಧನ ಮತ್ತು ಋಣ ಕುಣಿಕೆಗಳ ಗಡಿಯ ಮೇಲೆ ತಂದರೆ ಆ ಕೊಡುಗೆಯೂ ತಗ್ಗುತ್ತದೆ.

ಇದು ನನ್ನ ಊಹೆಯೋ ನಿಜವೋ ಎಂದು ಈಗಿನ ಬೋರ್ಡಿನಲ್ಲೇ ಪರೀಕ್ಷಿಸಬಹುದು. ಟಾರ್ಗೆಟ್ ಅನ್ನು ಪೂರ್ತಿ ತೆಗೆದು ಎರಡೂ ಕಾಯಿಲ್‌ಗಳ ಸಂಕೇತ ಅಳೆಯಿರಿ. ಸುಮಾರು 1 ಮಿಲಿವೋಲ್ಟ್ ಬಂದರೆ ತಪ್ಪು ಬೋರ್ಡಿನ ಒಳಗಿದೆ. ಆಮೇಲೆ ಅಲ್ಯೂಮಿನಿಯಂ ಕವಚ ಇದ್ದರೆ ಅದನ್ನು ಕೂರಿಸಿ, ಬೋಲ್ಟ್‌ಗಳನ್ನು ಒಂದೊಂದಾಗಿ ಹಾಕುತ್ತಾ ಮತ್ತೆ ಅಳೆಯಿರಿ. ಯಾವ ಬೋಲ್ಟ್ ಹಾಕಿದಾಗ ಸಂಖ್ಯೆ ಜಿಗಿಯುತ್ತದೋ ಅದೇ ಅಪರಾಧಿ. ಬೋರ್ಡಿನ ಹಿಂದೆ ಸಮತಟ್ಟಾದ ಲೋಹದ ಹಾಳೆ ಇದ್ದರೆ ಕ್ಷೇತ್ರ ಕುಗ್ಗಿ ಸಂಕೇತ ಇಳಿಯುತ್ತದೆ, ಆದರೆ ಕೋನದಲ್ಲಿ ತಪ್ಪು ಬರುವುದಿಲ್ಲ. ನಡುವಿನ ಉಕ್ಕಿನ ಶಾಫ್ಟ್ ಕೂಡ ದುಂಡಗಿರುವವರೆಗೆ ತೊಂದರೆ ಕೊಡದು. ತೊಂದರೆ ಕೊಡುವುದು ಒಂದೇ ಬದಿಯಲ್ಲಿರುವ ಲೋಹ: ಒಂಟಿ ಬೋಲ್ಟ್, ಕನೆಕ್ಟರ್‌ನ ಚಿಪ್ಪು, ಕಾಯಿಲ್ ಕೆಳಗೆ ಮರೆತು ಬಿಟ್ಟ ಗ್ರೌಂಡ್ ತಾಮ್ರ.

ಕೋಷ್ಟಕ ಹಾಕಿದ ಮೇಲೂ ತಪ್ಪು ಮರಳಿ ಬಂದ ಗುಟ್ಟು ಇಲ್ಲೇ ಇದೆ. ನಿಮ್ಮ ಹೊಸ ವಾಷರ್ ಅಂತರವನ್ನು 0.5ರಿಂದ 0.8ಕ್ಕೆ ಏರಿಸಿದೆ ಎಂದುಕೊಳ್ಳಿ. ಸಂಕೇತ ಐದರಲ್ಲೊಂದು ಭಾಗ ಇಳಿದು 24 ಮಿಲಿವೋಲ್ಟ್ ಆಗುತ್ತದೆ. ಬಾಲದಿಂದ ಬರುವ 1 ಮಿಲಿವೋಲ್ಟ್‌ಗೆ ಟಾರ್ಗೆಟ್‌ನ ಹಂಗಿಲ್ಲ, ಅದು ಹಾಗೆಯೇ ಇರುತ್ತದೆ. ಶೇಕಡಾ 3.5 ಇದ್ದದ್ದು 4.4 ಆಗುತ್ತದೆ, ಆ ವ್ಯತ್ಯಾಸವೊಂದೇ ಸುಮಾರು 0.12 ಡಿಗ್ರಿ. ಕೋಷ್ಟಕ ಹಳೆಯ ಅಂತರಕ್ಕೆ ಹೊಲಿದ ಅಂಗಿ, ಹೊಸ ಅಂತರಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ಆಫ್‌ಸೆಟ್ ಅನ್ನು ಕೋನದ ಕೋಷ್ಟಕದಲ್ಲಿ ತಿದ್ದಬೇಡಿ. ಆರ್ಕ್‌ಟ್ಯಾನ್ಜೆಂಟ್‌ಗೆ ಮೊದಲೇ, ಸೈನ್ ಮತ್ತು ಕೊಸೈನ್ ಸಂಕೇತಗಳಿಂದ ಮಿಲಿವೋಲ್ಟ್‌ಗಳ ರೂಪದಲ್ಲಿ ಕಳೆಯಿರಿ. ಹಾಗೆ ಕಳೆದದ್ದು ಅಂತರ ಬದಲಾದರೂ ನಿಲ್ಲುತ್ತದೆ. ಒಂದು ಎಚ್ಚರಿಕೆ: ಈ ಮಿಲಿವೋಲ್ಟ್ ಎಕ್ಸೈಟೇಷನ್‌ನ ಬಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಚಿಪ್ ಆ ಬಲವನ್ನು ಸ್ಥಿರವಾಗಿ ಇಡದಿದ್ದರೆ ಕಳೆಯುವ ಮೊತ್ತವನ್ನೂ ಅದೇ ಅನುಪಾತದಲ್ಲಿ ಬದಲಿಸಬೇಕು. ಬೋಲ್ಟ್‌ನಿಂದ ಬಂದ ಆಫ್‌ಸೆಟ್ ಆಗಿದ್ದರಂತೂ ಪ್ರತಿ ಜೋಡಣೆಯಲ್ಲೂ ಬೇರೆಯಾಗಬಹುದು, ಅದಕ್ಕೆ ಯಾವ ಫರ್ಮ್‌ವೇರ್‌ನಲ್ಲೂ ಪರಿಹಾರವಿಲ್ಲ.

ಇನ್ನು 16 ಅಲೆಗಳು. ಇವು ಮುಖ್ಯವಾಗಿ ಮೂರನೆಯ ಹಾರ್ಮೋನಿಕ್‌ನವು, ಸಂಕೇತದ ಶೇಕಡಾ 1ರಷ್ಟು. ಇದಕ್ಕೆ ಎರಡು ಮೂಲಗಳಿವೆ, ಎರಡನ್ನೂ ಸುಲಭವಾಗಿ ತಿದ್ದಬಹುದು. ಮೊದಲನೆಯದು ಅಂತರ. ಟಾರ್ಗೆಟ್ ಹತ್ತಿರವಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಈ ಕ್ಷೇತ್ರದಲ್ಲಿ ಬೇರುಬಿಟ್ಟಿದೆ. ಸಂಕೇತದ ಬಲಕ್ಕೆ ಅದು ನಿಜ, ಶುದ್ಧತೆಗೆ ಅಲ್ಲ. ಪ್ರತಿ ಹಾರ್ಮೋನಿಕ್ ಅಂತರದೊಂದಿಗೆ ಘಾತೀಯವಾಗಿ ಕುಗ್ಗುತ್ತದೆ, ಮೂರನೆಯದು ಮೂಲಕ್ಕಿಂತ ಮೂರು ಪಟ್ಟು ವೇಗದ ಘಾತದಲ್ಲಿ. ನಿಮ್ಮ ಸರಾಸರಿ ತ್ರಿಜ್ಯ 8 ಮಿ.ಮೀ., ಅವಧಿಗಳು ನಾಲ್ಕು. ಒಂದು ಅವಧಿಯ ಉದ್ದ 12.6 ಮಿ.ಮೀ. ಅಂತರ 0.5 ಇದ್ದಾಗ ಮೂಲ ಸಂಕೇತ 0.78 ಪಟ್ಟು ಉಳಿಯುತ್ತದೆ, 1 ಮಿ.ಮೀ.ಗೆ ಒಯ್ದರೆ 0.61 ಪಟ್ಟು. ಅದೇ ಹೊತ್ತಿಗೆ ಮೂಲಕ್ಕೆ ಹೋಲಿಸಿದ ಮೂರನೆಯದರ ಪಾಲು ಐದರಲ್ಲಿ ಎರಡು ಭಾಗ ಇಳಿಯುತ್ತದೆ. ಎಕ್ಸೈಟೇಷನ್ ಕ್ಷೇತ್ರವೂ ದೂರದಲ್ಲಿ ಸ್ವಲ್ಪ ಕುಗ್ಗುವುದರಿಂದ ಒಟ್ಟಾರೆ ಸಂಕೇತ ಈ ಲೆಕ್ಕಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ, ಆದರೂ ನಿಮ್ಮಲ್ಲಿ ಸಾಕಷ್ಟಿದೆ. ಆದರೆ ಆಫ್‌ಸೆಟ್ ಸರಿಪಡಿಸದೆ ಅಂತರ ಹೆಚ್ಚಿಸಿದರೆ ಮೇಲೆ ಹೇಳಿದಂತೆ 4 ಅಲೆಗಳ ತಪ್ಪು ಬೆಳೆಯುತ್ತದೆ. ಕೆಲಸದ ಕ್ರಮ ಮುಖ್ಯ.

ಎರಡನೆಯ ಮೂಲ ಎಸಳಿನ ಅಗಲ. ನೀವು 45 ಡಿಗ್ರಿ ಎಸಳು, 45 ಡಿಗ್ರಿ ಸಂದಿ ಇಟ್ಟಿದ್ದೀರಿ, ಅಂದರೆ ಅರ್ಧ ಅವಧಿ ತಾಮ್ರ. ಎಲ್ಲರೂ ಮೊದಲು ಹಾಗೇ ಬರೆಯುತ್ತಾರೆ. ಎಸಳನ್ನು ಅವಧಿಯ ಮೂರನೆಯ ಒಂದು ಭಾಗಕ್ಕೆ, ನಿಮ್ಮ ಲೆಕ್ಕದಲ್ಲಿ 30 ಡಿಗ್ರಿಗೆ ಇಳಿಸಿದರೆ ಎಸಳಿನ ಮೂರನೆಯ ಹಾರ್ಮೋನಿಕ್ ಸೊನ್ನೆಯಾಗುತ್ತದೆ. ಮೂಲ ಸಂಕೇತಕ್ಕೆ ಆಗುವ ನಷ್ಟ ಶೇಕಡಾ 13 ಮಾತ್ರ. ಆಗ ಎರಡನೆಯ ಹಾರ್ಮೋನಿಕ್ ತಲೆ ಎತ್ತುತ್ತದೆ, ಆದರೆ ಧನ-ಋಣ ಕುಣಿಕೆಗಳು ಒಂದೇ ಅಳತೆಯಲ್ಲಿದ್ದರೆ ಕಾಯಿಲ್ ಅದನ್ನು ಕಾಣುವುದೇ ಇಲ್ಲ. ಸುಳಿ ಪ್ರವಾಹ ಎಸಳಿನ ಅಂಚನ್ನು ಸ್ವಲ್ಪ ಮಸುಕು ಮಾಡುವುದರಿಂದ ನಿಖರ ಅಗಲ 30ರ ಆಚೀಚೆ ಇರುತ್ತದೆ. 28, 30, 32, 34 ಡಿಗ್ರಿಯ ನಾಲ್ಕು ಟಾರ್ಗೆಟ್‌ಗಳನ್ನು ಒಂದೇ ಪ್ಯಾನೆಲ್‌ನಲ್ಲಿ ಮಾಡಿಸಿ ಅಳೆಯಿರಿ. ಸಿಮ್ಯುಲೇಷನ್‌ಗಿಂತ ಬೇಗ ಉತ್ತರ ಸಿಗುತ್ತದೆ.

ಟಾರ್ಗೆಟ್‌ಗೆ ದಪ್ಪ ಅಲ್ಯೂಮಿನಿಯಂ ಬೇಕೇ ಎಂದು ಹಲವರು ಕೇಳುತ್ತಾರೆ, ನೀವೂ ಯೋಚಿಸಿರಬಹುದು. 4 ಮೆಗಾಹರ್ಟ್ಸ್‌ನಲ್ಲಿ ತಾಮ್ರದೊಳಗೆ ಪ್ರವಾಹ ಇಳಿಯುವ ಆಳ ಸುಮಾರು 33 ಮೈಕ್ರಾನ್. ನಿಮ್ಮ 35 ಮೈಕ್ರಾನ್ ಪದರ ಸಾಕು. ಲೋಹ ಕಡೆದು ತೆಗೆದ ಎಸಳಿಗಿಂತ ಪಿಸಿಬಿಯಲ್ಲಿ ಎಚ್ಚಣೆ ಮಾಡಿದ ಎಸಳಿನ ಅಂಚು ಹೆಚ್ಚು ನಿಖರವಾಗಿರುತ್ತದೆ. ಬೋರ್ಡ್ ಬಾಗದಂತೆ ನೋಡಿಕೊಳ್ಳಿ, ಅಷ್ಟೇ.

ಪದರಗಳ ವಿಷಯದಲ್ಲಿ ಮಾತ್ರ ನೀವು ಲೇಔಟ್ ಬದಲಿಸಲೇಬೇಕು. ಸೈನ್ ಮೇಲೆ, ಕೊಸೈನ್ ಕೆಳಗೆ ಇದ್ದರೆ ಕೊಸೈನ್‌ಗೆ ಟಾರ್ಗೆಟ್ ಹೆಚ್ಚು ದೂರ. ನೀವು ಗೇನ್ (ಸಂಕೇತದ ವರ್ಧನೆ) ಹೊಂದಿಸಿ ಎತ್ತರ ಸಮ ಮಾಡಿದ್ದೀರಿ, ಆದ್ದರಿಂದಲೇ ಸುತ್ತಿಗೆ 8 ಅಲೆಗಳ ತಪ್ಪು ಈಗ ಕಾಣುತ್ತಿಲ್ಲ. ಆದರೆ ಎರಡು ಕಾಯಿಲ್‌ಗಳು ಬೇರೆ ಬೇರೆ ಅಂತರದಲ್ಲಿ ಕುಳಿತಿರುವುದರಿಂದ ಅವುಗಳಲ್ಲಿನ ಹಾರ್ಮೋನಿಕ್‌ಗಳ ಪಾಲು ಬೇರೆ, ಬಿಸಿಯಾದಾಗ ನಡೆಯುವ ರೀತಿಯೂ ಬೇರೆ. ಎರಡೂ ಕಾಯಿಲ್‌ಗಳು ಅವೇ ಎರಡು ಪದರಗಳಲ್ಲಿರಲಿ, ದಾಟಬೇಕಾದ ಕಡೆ ವಯಾ (ಪದರಗಳನ್ನು ಜೋಡಿಸುವ ತಾಮ್ರದ ರಂಧ್ರ) ಮೂಲಕ ಪದರ ಬದಲಿಸಲಿ, ಪ್ರತಿ ಕಾಯಿಲ್‌ನ ಅರ್ಧ ಉದ್ದ ಮೇಲೆ ಮತ್ತು ಅರ್ಧ ಕೆಳಗೆ ಬರಲಿ. ಬಿಡಿಸಲು ತಾಳ್ಮೆ ಬೇಕು. ಉಳಿದ ಎರಡು ಪದರಗಳನ್ನು ಎಕ್ಸೈಟೇಷನ್ ಸುತ್ತುಗಳಿಗೆ ಕೊಡಬಹುದು. ಆಂದೋಲಕದ ಕೆಪಾಸಿಟರ್ ಸಿ0ಜಿ ಬಗೆಯದಿರಲಿ, ಬೇರೆಯವು ಬಿಸಿಗೆ ಆವರ್ತನವನ್ನು ಎಳೆದಾಡುತ್ತವೆ.

ಅರ್ಧ ವೃತ್ತದ ಕಾಯಿಲ್ ಬೇಡವೇ ಬೇಡ. ಪೂರ್ಣ ವೃತ್ತದ ದೊಡ್ಡ ಉಪಕಾರವೆಂದರೆ ಶಾಫ್ಟ್ ಒಂದು ಕಡೆ ಸರಿದಾಗ ಆ ಬದಿಯಲ್ಲಿ ಬರುವ ತಪ್ಪನ್ನು ಎದುರು ಬದಿ ಹೊಡೆದುಹಾಕುತ್ತದೆ. ಒಂದೇ ಬದಿಯಿಂದ ಓದಿದರೆ 8 ಮಿ.ಮೀ. ತ್ರಿಜ್ಯದಲ್ಲಿ 0.1 ಮಿ.ಮೀ. ಸರಿತ ಎಂದರೆ 0.7 ಡಿಗ್ರಿ, ನಿಮ್ಮ ಈಗಿನ ಒಟ್ಟು ತಪ್ಪಿನಷ್ಟೇ. ಕನೆಕ್ಟರ್ ಅನ್ನು ಸಣ್ಣ ನಾಲಿಗೆಯಂತೆ ಹೊರಚಾಚಿ, ಇಲ್ಲವೇ ತಂತಿಗಳನ್ನು ನೇರ ಬೆಸುಗೆ ಹಾಕಿ. ಕಾಯಿಲ್ ಅನ್ನು ಮಾತ್ರ ಕತ್ತರಿಸಬೇಡಿ.

ಸುತ್ತಿಗೆ ಒಂದೇ ಅಲೆಯ ±0.05 ನಿಮ್ಮ ಸೆನ್ಸರ್‌ನದ್ದೇ ಅಲ್ಲದಿರಬಹುದು. ಹೋಲಿಕೆಗೆ ಬಳಸಿದ ಆಪ್ಟಿಕಲ್ ಎನ್‌ಕೋಡರ್‌ನ ಕಪ್ಲಿಂಗ್ ತುಸು ಓರೆಯಾಗಿದ್ದರೂ ಇದೇ ಆಕಾರ ಬರುತ್ತದೆ. ಸೆನ್ಸರ್ ಬೋರ್ಡನ್ನು 90 ಡಿಗ್ರಿ ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಅಲೆ ಬೋರ್ಡಿನೊಂದಿಗೆ ಸರಿದರೆ ಅದು ಸೆನ್ಸರ್‌ನದು, ಇದ್ದಲ್ಲೇ ಇದ್ದರೆ ಅಳತೆಯ ಸಾಧನದ್ದು.

ಉಳಿದದ್ದು ಬೇರೆ ದಾರಿಗಳ ಮಾತು. ಅವಧಿಗಳನ್ನು ಎಂಟಕ್ಕೆ ಏರಿಸಿದರೆ ನಿಮ್ಮ ಮಿತಿ ಶೇಕಡಾ 0.7ರಿಂದ 1.4ಕ್ಕೆ ಸಡಿಲವಾಗುತ್ತದೆ. ಅನೇಕರಿಗೆ ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ 1 ಮಿ.ಮೀ. ಅಂತರದಲ್ಲಿ ಮೂಲ ಸಂಕೇತ 0.61ರ ಬದಲು 0.37 ಪಟ್ಟು ಮಾತ್ರ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಓದು 45 ಡಿಗ್ರಿಗೊಮ್ಮೆ ಮರುಕಳಿಸುವುದರಿಂದ ವಿದ್ಯುತ್ ಹೋಗಿ ಬಂದಾಗ ಕೀಲು ಎಲ್ಲಿದೆ ಎಂದು ಸೆನ್ಸರ್‌ಗೆ ಗೊತ್ತಾಗುವುದಿಲ್ಲ. ಅದನ್ನು ನೀಗಿಸಲು ಒಳಗೆ ಏಳು ಅವಧಿಯ ಕಾಯಿಲ್ ಮತ್ತು ಎಸಳುಗಳ ಎರಡನೆಯ ಪಥ ಬೇಕು, ಎರಡರ ವ್ಯತ್ಯಾಸದಿಂದ ಪೂರ್ಣ ಸುತ್ತಿನ ಸ್ಥಾನ ಸಿಗುತ್ತದೆ. ಒಳ್ಳೆಯ ತಂತ್ರ. ಆದರೆ 24 ಮಿ.ಮೀ. ಒಳಗೆ ಎರಡು ಪಥ ತುರುಕಿದರೆ ಪ್ರತಿಯೊಂದೂ ಕಿರಿದಾಗಿ, ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ನಿಮ್ಮ ಕೀಲು 80 ಡಿಗ್ರಿ ಮಾತ್ರ ತಿರುಗುವುದರಿಂದ 90 ಡಿಗ್ರಿಯ ನಾಲ್ಕು ಅವಧಿಯೇ ಸರಿಯಾದ ಆಯ್ಕೆ. ಅದನ್ನು ಬಿಡಬೇಡಿ.

ಮ್ಯಾಗ್ನೆಟ್ ಸೆನ್ಸರ್ ಬಗ್ಗೆ ನನಗೆ ಹಗೆಯಿಲ್ಲ. ಶಾಫ್ಟ್‌ನ ತುದಿ ಖಾಲಿಯಿದ್ದು, ಹತ್ತಿರ ಮೋಟಾರಿನ ಆಯಸ್ಕಾಂತವಾಗಲಿ ಬ್ರೇಕ್‌ನ ಕಾಯಿಲ್ ಆಗಲಿ ಇಲ್ಲದಿದ್ದರೆ ಅದನ್ನೇ ಹಾಕಿ ಎನ್ನುತ್ತಿದ್ದೆ. ನಿಮ್ಮಲ್ಲಿ ಶಾಫ್ಟ್ ಆರಪಾರ ಹೋಗುತ್ತದೆ, ಕೀಲಿನಲ್ಲಿ ಮೋಟಾರ್ ಪಕ್ಕದಲ್ಲೇ ಇರುತ್ತದೆ. ಇಂಡಕ್ಟಿವ್ ಸೆನ್ಸರ್ ತನ್ನ ಮೆಗಾಹರ್ಟ್ಸ್ ಆವರ್ತನವನ್ನು ಮಾತ್ರ ಕೇಳಿಸಿಕೊಳ್ಳುವುದರಿಂದ ಸ್ಥಿರ ಕಾಂತಕ್ಷೇತ್ರ ಅದನ್ನು ಅಲುಗಿಸದು, ಎಣ್ಣೆ ಮತ್ತು ಧೂಳೂ ಲೆಕ್ಕಕ್ಕಿಲ್ಲ. ಲೋಹದ ಚೂರು ಬಿದ್ದರೆ ಮಾತ್ರ ತಪ್ಪು ಬರುತ್ತದೆ, ಅದಕ್ಕೆ ಮುಚ್ಚಳ ಬೇಕು. ಮುಂದೆ ಇದೇ ಸೆನ್ಸರ್ ಅನ್ನು ಗೇರ್‌ಗೆ ಮೊದಲು, ಮೋಟಾರಿನ ವೇಗದ ಶಾಫ್ಟ್‌ಗೆ ಹಾಕುವುದಾದರೆ ಚಿಪ್‌ನ ವಿಳಂಬ ನೋಡಿ. ನಿಮಿಷಕ್ಕೆ 6000 ಸುತ್ತಿನಲ್ಲಿ 10 ಮೈಕ್ರೊಸೆಕೆಂಡ್ ವಿಳಂಬ ಎಂದರೆ 0.36 ಡಿಗ್ರಿ.

ಹೊಸ ಬೋರ್ಡ್ ಬಂದ ದಿನ ಟಾರ್ಗೆಟ್ ಜೋಡಿಸುವ ಮುನ್ನವೇ ಎರಡು ಕಾಯಿಲ್‌ಗಳ ಸಂಕೇತ ಅಳೆಯಿರಿ. ಪ್ರತಿಯೊಂದೂ 0.1 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ಮಾತ್ರ ಕವಚ, ಬೋಲ್ಟ್, ಟಾರ್ಗೆಟ್ ಎಂದು ಮುಂದುವರಿಯಿರಿ. ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ, ಬಾಲದ ಟ್ರೇಸ್‌ಗಳನ್ನು ಮತ್ತೊಮ್ಮೆ ನೋಡಿ. ಆಮೇಲೆ 0.8, 1 ಮತ್ತು 1.2 ಮಿ.ಮೀ. ಅಂತರಗಳಲ್ಲಿ ತೆಗೆದ ಮೂರು ದೋಷ ರೇಖೆಗಳನ್ನು ಕೋಷ್ಟಕ ಹಾಕದೆ ಕಳುಹಿಸಿ, ಎಸಳಿನ ಯಾವ ಅಗಲ ಇಟ್ಟುಕೊಳ್ಳಬೇಕೆಂದು ಅವುಗಳನ್ನು ನೋಡಿ ಹೇಳುತ್ತೇನೆ.